ಅಧ್ಯಯನ ಪಾಠ: ಬಲ, ಚಲನೆ ಮತ್ತು ಸಂವೇಗ – ರಸ್ತೆ ಹಾಗೂ ಕುಡಿಯುವ ನೀರಿನ ಕಾಮಗಾರಿಗಳಲ್ಲಿ ಅನ್ವಯ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ

ಸಂವಿಧಾನದ 11ನೇ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದ್ದು, ಕುಡಿಯುವ ನೀರು ಹಾಗೂ ರಸ್ತೆಗಳು ಎರಡೂ ಆ ಪಟ್ಟಿಯಲ್ಲಿವೆ. ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ಬೇಡಿಕೆಗಳೂ ಇವುಗಳಿಗೇ ಸಂಬಂಧಿಸಿರುತ್ತವೆ. ಶಾಲೆಯ ಮುಂದೆ ಹಂಪ್ ಹಾಕಿಸಬೇಕೆಂದು ಪೋಷಕರು ಕೇಳುತ್ತಾರೆ. ಹೊಸದಾಗಿ ಹಾಕಿದ ಪೈಪು ಮತ್ತೆ ಮತ್ತೆ ಒಡೆಯುತ್ತಿದೆಯೆಂದು ಗ್ರಾಮಸ್ಥರು ದೂರುತ್ತಾರೆ. ಮೇಲ್ನೋಟಕ್ಕೆ ಪರಸ್ಪರ ಸಂಬಂಧವಿಲ್ಲದಂತೆ ತೋರುವ ಈ ಎರಡು ಸಮಸ್ಯೆಗಳ ಹಿಂದೆ ಭೌತಶಾಸ್ತ್ರದ ಒಂದೇ ನಿಯಮ ಕೆಲಸ ಮಾಡುತ್ತಿರುತ್ತದೆ. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಬರುವ ಆ ನಿಯಮವನ್ನು ನೆನಪಿಗೆ ತಂದುಕೊಂಡು, ಪಂಚಾಯಿತಿಯ ಕಾಮಗಾರಿಗಳಿಗೆ ಅದನ್ನು ಅನ್ವಯಿಸುವುದು ಪ್ರಸ್ತುತ ಪಾಠದ ಉದ್ದೇಶ. ಇಲ್ಲಿಯ ಲೆಕ್ಕಗಳಿಗೆ ಕೂಡುವುದು, ಕಳೆಯುವುದು, ಗುಣಿಸುವುದು ಮತ್ತು ಭಾಗಿಸುವುದಷ್ಟೇ ಸಾಕು.

1. ಜಡತ್ವ

ಎತ್ತು ನಿಂತರೆ ಗಾಡಿಯೂ ನಿಲ್ಲುತ್ತದೆ. ಇದರಿಂದ, ಎಳೆಯುವ ಬಲ ಇರುವವರೆಗೆ ಮಾತ್ರ ಚಲನೆ ಇರುತ್ತದೆ ಎಂಬ ಭಾವನೆ ಸಹಜವಾಗಿಯೇ ಬೆಳೆದಿದೆ. ಬಹುಕಾಲ ವಿದ್ವಾಂಸರೂ ಹಾಗೆಯೇ ನಂಬಿದ್ದರು. ಇಟಲಿಯ ಗೆಲಿಲಿಯೊ (1564–1642) ಈ ನಂಬಿಕೆಯನ್ನು ಪ್ರಶ್ನಿಸಿದನು. ಇಂಗ್ಲೆಂಡಿನ ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಚಲನೆಯ ಮೂರು ನಿಯಮಗಳನ್ನು ನಿರೂಪಿಸಿದನು. ಗಾಡಿ ನಿಲ್ಲುವುದಕ್ಕೆ ಕಾರಣ ಎಳೆತ ನಿಂತದ್ದಲ್ಲ. ಅಚ್ಚಿನಲ್ಲಿಯೂ ನೆಲದಲ್ಲಿಯೂ ಇರುವ ಘರ್ಷಣೆ ಅದನ್ನು ತಡೆಯುತ್ತದೆ. ತಡೆಯುವ ಬಲ ಯಾವುದೂ ಇಲ್ಲದಿದ್ದರೆ ಚಲಿಸುವ ವಸ್ತು ಅದೇ ವೇಗದಲ್ಲಿ, ಅದೇ ದಿಕ್ಕಿನಲ್ಲಿ ಚಲಿಸುತ್ತಲೇ ಇರುತ್ತದೆ. ನಿಂತಿರುವ ವಸ್ತು ನಿಂತೇ ಇರುತ್ತದೆ. ಇದೇ ಮೊದಲನೆಯ ನಿಯಮ. ಇರುವ ಸ್ಥಿತಿಯನ್ನು ಬಿಟ್ಟುಕೊಡದ ವಸ್ತುವಿನ ಈ ಗುಣಕ್ಕೆ ಜಡತ್ವ ಎಂದು ಹೆಸರು.

ಜಾತ್ರೆಯ ತೇರಿನಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ನಿಂತ ತೇರನ್ನು ಕದಲಿಸಲು ನೂರಾರು ಕೈಗಳು ಬೇಕು. ಉರುಳತೊಡಗಿದ ಮೇಲೆ ಹಗ್ಗವನ್ನು ಕೈಬಿಟ್ಟರೂ ತೇರು ತಕ್ಷಣ ನಿಲ್ಲುವುದಿಲ್ಲ. ಗಾಲಿಗಳಿಗೆ ಮರದ ಬೆಣೆ ಕೊಟ್ಟು ಅದನ್ನು ನಿಲ್ಲಿಸಬೇಕಾಗುತ್ತದೆ. ತೇರಿನ ಮುಂದೆ ನಿಲ್ಲಬಾರದೆಂದು ಹಿರಿಯರು ಹೇಳುವ ಮಾತು ಭಕ್ತಿಗೆ ಸಂಬಂಧಿಸಿರುವಷ್ಟೇ ಜಡತ್ವಕ್ಕೂ ಸಂಬಂಧಿಸಿದೆ.

2. ಸಂವೇಗ

ಚಲಿಸುವ ವಸ್ತುವನ್ನು ನಿಲ್ಲಿಸುವುದು ಎಷ್ಟು ಕಷ್ಟ ಎಂಬುದು ಎರಡು ಸಂಗತಿಗಳನ್ನು ಅವಲಂಬಿಸಿರುತ್ತದೆ. ಒಂದು, ಅದರ ದ್ರವ್ಯರಾಶಿ, ಅಂದರೆ ಅದು ಎಷ್ಟು ಕಿಲೋಗ್ರಾಂ ಇದೆ ಎಂಬುದು. ಎರಡು, ಅದರ ವೇಗ. ಇವೆರಡರ ಗುಣಲಬ್ಧವೇ ಸಂವೇಗ.

ಸಂವೇಗ = ದ್ರವ್ಯರಾಶಿ × ವೇಗ

ಲೆಕ್ಕಕ್ಕಾಗಿ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಪರಿವರ್ತಿಸಿಕೊಳ್ಳಬೇಕು. ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್, 36 ಕಿ.ಮೀ. ಎಂದರೆ 10 ಮೀಟರ್, 54 ಕಿ.ಮೀ. ಎಂದರೆ 15 ಮೀಟರ್, 72 ಕಿ.ಮೀ. ಎಂದರೆ 20 ಮೀಟರ್.

ಇಬ್ಬರು ಕುಳಿತ ಮೋಟಾರ್‌ಸೈಕಲ್ಲಿನ ಒಟ್ಟು ದ್ರವ್ಯರಾಶಿ 250 ಕಿ.ಗ್ರಾಂ. ಎಂದಿರಲಿ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಅದರ ಸಂವೇಗ 250 × 10 = 2,500. ಕಬ್ಬು ತುಂಬಿದ ಟ್ರೇಲರ್ ಸಹಿತ ಟ್ರ್ಯಾಕ್ಟರಿನ ಒಟ್ಟು ದ್ರವ್ಯರಾಶಿ 10,000 ಕಿ.ಗ್ರಾಂ. ಎಂದಿರಲಿ. ಅದು ಕೇವಲ 18 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೂ ಸಂವೇಗ 10,000 × 5 = 50,000. ಅರ್ಧ ವೇಗದಲ್ಲಿ ಹೋಗುತ್ತಿರುವ ಟ್ರ್ಯಾಕ್ಟರಿನ ಸಂವೇಗ ಮೋಟಾರ್‌ಸೈಕಲ್ಲಿನದಕ್ಕಿಂತ 20 ಪಟ್ಟು ಅಧಿಕ. ನಿಧಾನವಾಗಿ ಹೋಗುವ ವಾಹನದಿಂದ ಅಪಾಯವಿಲ್ಲ ಎಂಬ ಭಾವನೆ ತಪ್ಪೆಂಬುದು ಈ ಒಂದು ಗುಣಾಕಾರದಿಂದಲೇ ತಿಳಿಯುತ್ತದೆ.

3. ಬಲ ಮತ್ತು ಕಾಲ

ವಸ್ತುವನ್ನು ನಿಲ್ಲಿಸುವುದೆಂದರೆ ಅದರ ಸಂವೇಗವನ್ನು ಸೊನ್ನೆಗೆ ಇಳಿಸುವುದು. ಇದಕ್ಕೆ ಬೇಕಾಗುವ ಬಲವನ್ನು ನ್ಯೂಟನ್ನನ ಎರಡನೆಯ ನಿಯಮ ತಿಳಿಸುತ್ತದೆ.

ಬಲ = ಸಂವೇಗದಲ್ಲಾದ ಬದಲಾವಣೆ ÷ ಅದಕ್ಕೆ ಹಿಡಿದ ಕಾಲ

ಬಲದ ಮಾನ ನ್ಯೂಟನ್. ಒಂದು ಕಿಲೋಗ್ರಾಂ ತೂಕವನ್ನು ಕೈಯಲ್ಲಿ ಹಿಡಿದಾಗ ಕೈಮೇಲೆ ಬೀಳುವ ಬಲ ಸುಮಾರು 10 ನ್ಯೂಟನ್.

ಈ ಸೂತ್ರದಲ್ಲಿ ಸದಸ್ಯರು ಮುಖ್ಯವಾಗಿ ಗಮನಿಸಬೇಕಾದುದು ಕಾಲವನ್ನು. ತೆಗೆಯಬೇಕಾದ ಸಂವೇಗ ಅಷ್ಟೇ ಇದ್ದರೂ ಅದನ್ನು 10 ಸೆಕೆಂಡಿನಲ್ಲಿ ತೆಗೆದರೆ ಬಲ ಕಡಿಮೆ. 1 ಸೆಕೆಂಡಿನಲ್ಲಿ ತೆಗೆದರೆ 10 ಪಟ್ಟು. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ತೆಗೆದರೆ 1,000 ಪಟ್ಟು. ಮೇಲಿನಿಂದ ಎಸೆದ ತೆಂಗಿನಕಾಯಿಯನ್ನು ಹಿಡಿಯುವವನು ಕೈಗಳನ್ನು ಕೆಳಕ್ಕೆ ಒಯ್ಯುತ್ತ ಹಿಡಿಯುತ್ತಾನೆ. ಹಾಗೆ ಮಾಡುವಾಗ ಅವನು ಕಾಯಿ ನಿಲ್ಲುವುದಕ್ಕೆ ಹೆಚ್ಚು ಕಾಲ ಕೊಡುತ್ತಿರುತ್ತಾನೆ. ಅದೇ ಕಾಯಿ ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ. ಅಲ್ಲಿ ನಿಲ್ಲುವುದಕ್ಕೆ ಕಾಲವೇ ಇರುವುದಿಲ್ಲ.

ಚಲಿಸುವುದನ್ನು ನಿಲ್ಲಿಸಬೇಕಾದಲ್ಲೆಲ್ಲ ಅದಕ್ಕೆ ಸಾಕಷ್ಟು ಕಾಲ ದೊರೆಯುವಂತೆ ವ್ಯವಸ್ಥೆ ಮಾಡಬೇಕು ಎಂಬುದೇ ಈ ಪಾಠದ ಸಾರ. ಮುಂದಿನ ಭಾಗಗಳು ಇದರ ಅನ್ವಯ ಮಾತ್ರ.

4. ಶಾಲೆಯ ಮುಂದಿನ ರಸ್ತೆ

ವಾಹನ ನಿಲ್ಲಲು ಬೇಕಾಗುವ ದೂರದಲ್ಲಿ ಎರಡು ಭಾಗಗಳಿವೆ. ಅಡಚಣೆಯನ್ನು ಚಾಲಕನ ಕಣ್ಣು ಕಂಡು, ಕೈ ಅಥವಾ ಕಾಲು ಬ್ರೇಕನ್ನು ಒತ್ತುವವರೆಗೆ ವಾಹನ ಮೊದಲಿನ ವೇಗದಲ್ಲಿಯೇ ಸಾಗುತ್ತಿರುತ್ತದೆ. ಈ ಅವಧಿಯನ್ನು 1 ಸೆಕೆಂಡ್ ಎಂದು ಭಾವಿಸೋಣ. ಅನಂತರ ಬ್ರೇಕ್ ಹಿಡಿದು ವೇಗ ಕುಗ್ಗತೊಡಗುತ್ತದೆ. ಒಣಗಿದ ರಸ್ತೆಯಲ್ಲಿ ಪ್ರತಿ ಸೆಕೆಂಡಿಗೂ ವೇಗವು 5 ಮೀಟರ್‌ನಷ್ಟು ಕಡಿಮೆಯಾಗುತ್ತದೆಂದು ಇಟ್ಟುಕೊಂಡರೆ ಲೆಕ್ಕ ಈ ಕೆಳಕಂಡಂತೆ ಬರುತ್ತದೆ.

18 ಕಿ.ಮೀ. ವೇಗ: ಬ್ರೇಕ್ ಒತ್ತುವ ಮೊದಲು 5 ಮೀಟರ್, ಅನಂತರ 2.5 ಮೀಟರ್; ಒಟ್ಟು 7.5 ಮೀಟರ್.
36 ಕಿ.ಮೀ. ವೇಗ: ಮೊದಲು 10 ಮೀಟರ್, ಅನಂತರ 10 ಮೀಟರ್, ಒಟ್ಟು 20 ಮೀಟರ್.
54 ಕಿ.ಮೀ. ವೇಗ: ಮೊದಲು 15 ಮೀಟರ್, ಅನಂತರ 22.5 ಮೀಟರ್, ಒಟ್ಟು 37.5 ಮೀಟರ್.
72 ಕಿ.ಮೀ. ವೇಗ: ಮೊದಲು 20 ಮೀಟರ್, ಅನಂತರ 40 ಮೀಟರ್, ಒಟ್ಟು 60 ಮೀಟರ್.

ವೇಗ 36ರಿಂದ 72ಕ್ಕೆ, ಅಂದರೆ ಎರಡು ಪಟ್ಟು ಆದಾಗ ಬ್ರೇಕಿನ ದೂರ 10ರಿಂದ 40 ಮೀಟರಿಗೆ, ಅಂದರೆ ನಾಲ್ಕು ಪಟ್ಟು ಆಗಿದೆ. ಕಾರಣ ಸರಳ. ಸಂವೇಗ ಇಮ್ಮಡಿಯಾದುದರಿಂದ ಅದೇ ಬ್ರೇಕಿನಿಂದ ನಿಲ್ಲಲು ಇಮ್ಮಡಿ ಕಾಲ ಬೇಕು. ಆ ಕಾಲದುದ್ದಕ್ಕೂ ವಾಹನದ ಸರಾಸರಿ ವೇಗವೂ ಇಮ್ಮಡಿ. ಎರಡನ್ನು ಎರಡರಿಂದ ಗುಣಿಸಿದರೆ ನಾಲ್ಕು. ಮಳೆಗೆ ರಸ್ತೆ ನೆನೆದು ಟಯರಿನ ಹಿಡಿತ ಅರ್ಧಕ್ಕಿಳಿದರೆ ಬ್ರೇಕಿನ ದೂರ ಪುನಃ ಎರಡು ಪಟ್ಟಾಗುತ್ತದೆ.

ಈಗ ಶಾಲೆ ಬಿಡುವ ಹೊತ್ತಿನಲ್ಲಿ ಒಂದು ಮಗು 20 ಮೀಟರ್ ಮುಂದೆ ರಸ್ತೆಗೆ ಓಡಿಬಂದಿತೆಂದು ಭಾವಿಸೋಣ. 36 ಕಿ.ಮೀ. ವೇಗದ ವಾಹನ ಮಗುವಿನ ಬಳಿ ಬಂದು ನಿಲ್ಲುತ್ತದೆ. 54 ಕಿ.ಮೀ. ವೇಗದ ವಾಹನಕ್ಕೆ ಬ್ರೇಕ್ ಹಿಡಿಯಲು ಉಳಿಯುವುದು 5 ಮೀಟರ್ ಮಾತ್ರ. ಅದು ಮಗುವನ್ನು ತಲುಪುವಾಗ ಇನ್ನೂ 47 ಕಿ.ಮೀ.ಗೂ ಅಧಿಕ ವೇಗದಲ್ಲಿರುತ್ತದೆ. 72 ಕಿ.ಮೀ. ವೇಗದ ವಾಹನದ ಚಾಲಕನಿಗೆ ಬ್ರೇಕ್ ಒತ್ತುವುದಕ್ಕೂ ಅವಕಾಶ ದೊರೆಯುವುದಿಲ್ಲ. ವಾಹನ ಪೂರ್ಣ ವೇಗದಲ್ಲಿಯೇ ಬಡಿಯುತ್ತದೆ. ಚಾಲಕ ಎಷ್ಟೇ ನುರಿತವನಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಆದಕಾರಣ ಶಾಲೆ, ಅಂಗನವಾಡಿ, ಬಸ್ ತಂಗುದಾಣಗಳ ಬಳಿ ವೇಗವನ್ನು ಮೊದಲೇ ತಗ್ಗಿಸುವ ವ್ಯವಸ್ಥೆ ಇರಬೇಕು. ರಸ್ತೆಯನ್ನು ಮರೆಮಾಡುವ ಪೊದೆ, ಮರಳಿನ ರಾಶಿ, ಬಣವೆ, ಫಲಕಗಳನ್ನು ತೆರವುಗೊಳಿಸಿದರೆ ಚಾಲಕನಿಗೆ ಮಗು 20 ಮೀಟರಿನ ಬದಲು 40 ಮೀಟರ್ ದೂರದಿಂದಲೇ ಕಾಣುತ್ತದೆ. ಇದಕ್ಕೆ ದೊಡ್ಡ ಅನುದಾನದ ಅಗತ್ಯವೂ ಇಲ್ಲ.

5. ರಸ್ತೆ ಉಬ್ಬು ಹೇಗಿರಬೇಕು

ಅಪಘಾತವಾದ ಮರುದಿನವೇ ರಾತ್ರೋರಾತ್ರಿ ಕಾಂಕ್ರೀಟು ಅಥವಾ ಮಣ್ಣಿನ ದಿಬ್ಬವನ್ನು ರಸ್ತೆಗೆ ಅಡ್ಡಲಾಗಿ ಹಾಕುವ ರೂಢಿ ಅನೇಕ ಗ್ರಾಮಗಳಲ್ಲಿದೆ. ಸದುದ್ದೇಶದಿಂದ ಹಾಕಿದ ಇಂತಹ ದಿಬ್ಬವೇ ಮುಂದಿನ ಅಪಘಾತಕ್ಕೆ ಕಾರಣವಾಗಬಲ್ಲದು.

ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ದುಂಡಾಕಾರದ ಉಬ್ಬಿಗೆ 10 ಸೆಂ.ಮೀ. ಎತ್ತರ ಮತ್ತು ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲವನ್ನು ಸೂಚಿಸಿದೆ. ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ವಾಹನಗಳು ದಾಟಬೇಕೆಂಬುದು ಅದರ ಗುರಿ. ಆ ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 7 ಮೀಟರ್ ಸಾಗುತ್ತದೆ. 3.7 ಮೀಟರ್ ಅಗಲದ ಉಬ್ಬಿನ ನೆತ್ತಿಯನ್ನು ಮುಟ್ಟಲು ಗಾಲಿಗೆ ಸೆಕೆಂಡಿನ ಕಾಲುಭಾಗಕ್ಕಿಂತ ತುಸು ಹೆಚ್ಚು ಕಾಲ ಸಿಗುತ್ತದೆ. ಅಷ್ಟೇ ಎತ್ತರದ, ಆದರೆ ಕೇವಲ 30 ಸೆಂ.ಮೀ. ಅಗಲದ ದಿಬ್ಬದಲ್ಲಿ ಸಿಗುವುದು ಸೆಕೆಂಡಿನ 50ನೇ ಒಂದು ಭಾಗ. ಅಂದರೆ ಕಾಲ 12ನೇ ಒಂದು ಭಾಗಕ್ಕೆ ಇಳಿಯಿತು. ಗಾಲಿ ಮೇಲಕ್ಕೇರಬೇಕಾದ ವೇಗವು 12 ಪಟ್ಟಾಯಿತು. ಆ ವೇಗವನ್ನು ಪಡೆಯಲು ಇರುವ ಕಾಲವೂ 12ನೇ ಒಂದು ಭಾಗವಾಯಿತು. ಆದ್ದರಿಂದ ಹೊಡೆತದ ಬಲ ನೂರಕ್ಕೂ ಅಧಿಕ ಪಟ್ಟಾಗುತ್ತದೆ. ಟಯರು ಮತ್ತು ಸ್ಪ್ರಿಂಗುಗಳು ಅದರಲ್ಲಿ ಒಂದಿಷ್ಟನ್ನು ನುಂಗಿದರೂ ಉಳಿದದ್ದು ಸವಾರನ ಬೆನ್ನುಮೂಳೆಗೆ, ಹಿಂದೆ ಕುಳಿತ ಮಹಿಳೆಗೆ, ಆಂಬುಲೆನ್ಸಿನಲ್ಲಿರುವ ಗರ್ಭಿಣಿಗೆ ತಲುಪುತ್ತದೆ. ಬಣ್ಣವಿಲ್ಲದ ಕಿರಿದಾದ ದಿಬ್ಬವನ್ನು ಕತ್ತಲೆಯಲ್ಲಿ ದಾಟುವ ದ್ವಿಚಕ್ರ ಸವಾರ ಹಾರಿ ಬೀಳುವುದಕ್ಕೆ ಇದೇ ಕಾರಣ.

ಎಚ್ಚರಿಕೆ ಫಲಕದ ಸ್ಥಾನವನ್ನೂ ಹಿಂದಿನ ಲೆಕ್ಕವೇ ನಿರ್ಧರಿಸುತ್ತದೆ. 54 ಕಿ.ಮೀ. ವೇಗದ ವಾಹನ ನಿಲ್ಲಲು 37.5 ಮೀಟರ್ ಬೇಕಾಗಿರುವಾಗ ಫಲಕವನ್ನು ಉಬ್ಬಿನ ಪಕ್ಕದಲ್ಲಿ ನೆಟ್ಟು ಪ್ರಯೋಜನವಿಲ್ಲ. ಕನಿಷ್ಠ 40 ಮೀಟರ್ ಮೊದಲೇ ಅದು ಕಾಣಬೇಕು. ಉಬ್ಬಿನ ಮೇಲೆ ಕಪ್ಪು-ಬಿಳಿ ಪಟ್ಟೆ ಬಳಿದಿರಬೇಕು. ರಸ್ತೆ ಲೋಕೋಪಯೋಗಿ ಇಲಾಖೆಗೆ ಅಥವಾ ಬೇರೆ ಸಂಸ್ಥೆಗೆ ಸೇರಿದ್ದರೆ ಪಂಚಾಯಿತಿಯು ತಾನೇ ಉಬ್ಬು ಹಾಕದೆ, ಠರಾವಿನೊಂದಿಗೆ ಸಂಬಂಧಿಸಿದ ಅಭಿಯಂತರರಿಗೆ ಪತ್ರ ಬರೆಯುವುದು ಸೂಕ್ತ.

6. ಹೆಲ್ಮೆಟ್ ಮತ್ತು ಟ್ರ್ಯಾಕ್ಟರ್ ಟ್ರೇಲರ್

ಊರೊಳಗೆ ನಿಧಾನವಾಗಿ ಹೋಗುವಾಗ ಹೆಲ್ಮೆಟ್ ಏಕೆ ಎಂಬ ಪ್ರಶ್ನೆ ಸಾಮಾನ್ಯ. ಸವಾರ ಪಕ್ಕಕ್ಕೆ ಉರುಳಿದಾಗ ತಲೆ ನೆಲಕ್ಕೆ ಬಡಿಯುವ ವೇಗವನ್ನು ವಾಹನದ ವೇಗ ಮಾತ್ರ ನಿರ್ಧರಿಸುವುದಿಲ್ಲ. ತಲೆ ಎಷ್ಟು ಎತ್ತರದಿಂದ ಬಿದ್ದಿತು ಎಂಬುದೂ ನಿರ್ಧರಿಸುತ್ತದೆ. 1.25 ಮೀಟರ್ ಎತ್ತರದಿಂದ ಬಿದ್ದ ವಸ್ತು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನೆಲವನ್ನು ಮುಟ್ಟುತ್ತದೆ. ತಲೆಯ ದ್ರವ್ಯರಾಶಿ 5 ಕಿ.ಗ್ರಾಂ. ಎಂದರೆ ಸಂವೇಗ 25. ಗಟ್ಟಿ ರಸ್ತೆಗೆ ಬಡಿದು ಸೆಕೆಂಡಿನ 500ನೇ ಒಂದು ಭಾಗದಲ್ಲಿ ನಿಂತಿತೆಂದರೆ ಬಲ 12,500 ನ್ಯೂಟನ್, ಅಂದರೆ 12 ಕ್ವಿಂಟಲಿಗೂ ಮೀರಿದ ಭಾರ. ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್ ಪದರ ಕುಗ್ಗುತ್ತ ಆ ಕಾಲವನ್ನು ಐದು ಪಟ್ಟು ಮಾಡಿದರೆ ಬಲ 2,500 ನ್ಯೂಟನ್ನಿಗೆ ಇಳಿಯುತ್ತದೆ. ಮೇಲಿನ ಚಿಪ್ಪು ಮಾತ್ರ ಇದ್ದು ಒಳಪದರವಿಲ್ಲದ ಟೊಪ್ಪಿಗೆಗಳು ಈ ಕಾಲವನ್ನು ಕೊಡಲಾರವು. ಮೋಟಾರು ವಾಹನಗಳ ಅಧಿನಿಯಮ, 1988ರ 129ನೇ ಪ್ರಕರಣವು ಸವಾರನಿಗೂ ಹಿಂಬದಿ ಸವಾರನಿಗೂ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿರುವುದರ ಹಿಂದಿನ ತತ್ವ ಇದು.

ಟ್ರ್ಯಾಕ್ಟರಿನ ವಿಷಯ ಇನ್ನಷ್ಟು ಗಂಭೀರ. ಟ್ರೇಲರಿಗೆ ಪ್ರತ್ಯೇಕ ಬ್ರೇಕ್ ಇಲ್ಲದಿದ್ದರೆ 10,000 ಕಿ.ಗ್ರಾಂ. ಅಷ್ಟನ್ನೂ ಟ್ರ್ಯಾಕ್ಟರಿನ ಗಾಲಿಗಳೇ ತಡೆಯಬೇಕು. ಅವುಗಳಿಂದ ದೊರೆಯುವ ತಡೆಬಲ 10,000 ನ್ಯೂಟನ್ ಎಂದಾದರೆ ಪ್ರತಿ ಸೆಕೆಂಡಿಗೆ ವೇಗ ಕುಗ್ಗುವುದು 1 ಮೀಟರಿನಷ್ಟು ಮಾತ್ರ. ಆಗ 18 ಕಿ.ಮೀ. ವೇಗದಲ್ಲಿ ಬ್ರೇಕಿನ ದೂರ 12.5 ಮೀಟರ್, 36 ಕಿ.ಮೀ. ವೇಗದಲ್ಲಿ 50 ಮೀಟರ್. ಇಳಿಜಾರಿನಲ್ಲಿ ಇದು ಇನ್ನೂ ಹೆಚ್ಚುತ್ತದೆ. ಹಿಂದಿನಿಂದ ಟ್ರೇಲರ್ ತಳ್ಳುವುದರಿಂದ ಟ್ರ್ಯಾಕ್ಟರ್ ಅಡ್ಡ ತಿರುಗಿ ಮಗುಚುವ ಸಂಭವವೂ ಇರುತ್ತದೆ. ಟ್ರೇಲರ್ ಇರುವುದು ಸರಕು ಸಾಗಣೆಗೆ. ಮದುವೆ ದಿಬ್ಬಣವನ್ನೋ ಕೂಲಿಕಾರರನ್ನೋ ಅದರಲ್ಲಿ ನಿಲ್ಲಿಸಿ ಕರೆದೊಯ್ದಾಗ ಬ್ರೇಕ್ ಹಿಡಿಯುವುದು ಗಾಲಿಗಳಿಗೆ ಮಾತ್ರ. ನಿಂತವರ ದೇಹಗಳು ಜಡತ್ವದಿಂದ ಮುಂದಕ್ಕೆ ಚಲಿಸುತ್ತಲೇ ಇರುತ್ತವೆ. ಕಟಾವಿನ ಹಂಗಾಮಿಗೆ ಮುನ್ನ ನಡೆಯುವ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸುವುದು ಸದಸ್ಯರಿಂದ ಆಗಬಹುದಾದ ಕೆಲಸ.

7. ಕೊಳವೆಯೊಳಗಿನ ನೀರು

ನೀರು ಮೃದುವೆಂದು ತೋರಿದರೂ ಕೊಳವೆಯಲ್ಲಿ ಹರಿಯುವಾಗ ಅದು ಉದ್ದನೆಯ ಒಂದು ರೈಲಿನಂತೆ ವರ್ತಿಸುತ್ತದೆ. ಓವರ್‌ಹೆಡ್ ಟ್ಯಾಂಕಿನಿಂದ ಕೇರಿಗೆ ಹೋಗುವ 110 ಮಿ.ಮೀ. ವ್ಯಾಸದ ಪಿ.ವಿ.ಸಿ. ಕೊಳವೆ 600 ಮೀಟರ್ ಉದ್ದವಿದೆಯೆಂದರೆ ಅದರೊಳಗೆ ಸುಮಾರು 4,800 ಲೀಟರ್, ಅಂದರೆ 4,800 ಕಿ.ಗ್ರಾಂ. ನೀರು ಇರುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುವಾಗ ಸಂವೇಗ 4,800. ಇದು ಹಿಂದೆ ಲೆಕ್ಕ ಹಾಕಿದ ಮೋಟಾರ್‌ಸೈಕಲ್ಲಿನ ಸಂವೇಗಕ್ಕೆ ಸುಮಾರು ಎರಡು ಪಟ್ಟು. ನೀರುಗಂಟಿಯು ಗೇಟ್‌ವಾಲ್ವನ್ನು ಮುಚ್ಚಿದಾಗ ಇಷ್ಟೂ ನೀರು ನಿಲ್ಲಬೇಕು.

ಹತ್ತು ಸೆಕೆಂಡಿನಲ್ಲಿ ಒಂದೇ ಸಮನೆ ನಿಲ್ಲಿಸಿದರೆ ಬಲ 480 ನ್ಯೂಟನ್; ಕೊಳವೆಯ ಅಡ್ಡಕೊಯ್ತದ ಮೇಲೆ ಇದು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 0.6 ಕೆ.ಜಿ. ಹೆಚ್ಚುವರಿ ಒತ್ತಡ. ಥಟ್ಟನೆ ನಿಲ್ಲಿಸಿದರೆ ಹಿಂದಿನ ನೀರು ಮುಂದಿನ ನೀರಿಗೆ ಬಂದು ಬಡಿದು ಒತ್ತಡದ ಅಲೆಯೊಂದು ಹಿಮ್ಮುಖವಾಗಿ ಓಡುತ್ತದೆ. ಇದನ್ನು ನೀರಿನ ಸುತ್ತಿಗೆ ಹೊಡೆತ ಎನ್ನುತ್ತಾರೆ. ರಷ್ಯಾದ ವಿಜ್ಞಾನಿ ಝುಕೋವ್‌ಸ್ಕಿ 1898ರಲ್ಲಿ ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ನಡೆಸಿ ಇದರ ಸೂತ್ರವನ್ನು ಪ್ರಕಟಿಸಿದನು. ಪಿ.ವಿ.ಸಿ. ಕೊಳವೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 400 ಮೀಟರ್ ಎಂದಾದರೆ, ಸೆಕೆಂಡಿಗೆ 1 ಮೀಟರ್ ಹರಿವು ಥಟ್ಟನೆ ನಿಂತಾಗ ಹೆಚ್ಚುವರಿ ಒತ್ತಡ ಸುಮಾರು 4 ಕೆ.ಜಿ.; ಕಬ್ಬಿಣದ ಕೊಳವೆಯಲ್ಲಿ ಅಲೆ ಇನ್ನೂ ವೇಗವಾಗಿ ಓಡುವುದರಿಂದ ಸುಮಾರು 12 ಕೆ.ಜಿ.

ಟ್ಯಾಂಕಿನ ಎತ್ತರದಿಂದಾಗಿ ಮೊದಲೇ 3 ಕೆ.ಜಿ. ಒತ್ತಡವಿದ್ದರೆ ಥಟ್ಟನೆ ಮುಚ್ಚಿದಾಗ ಒಟ್ಟು 7 ಕೆ.ಜಿ. ಆಗುತ್ತದೆ. 6 ಕೆ.ಜಿ. ದರ್ಜೆಯ ಪೈಪಿನ ಮಿತಿ ಮೀರಿತು. ನಿಧಾನವಾಗಿ ಮುಚ್ಚಿದ್ದರೆ 3.6 ಕೆ.ಜಿ. ಮಾತ್ರ. ಗುತ್ತಿಗೆದಾರ ಹಾಕಿದ್ದು ಕಳಪೆ ಪೈಪು ಎಂದು ತೀರ್ಮಾನಿಸುವ ಮೊದಲು ವಾಲ್ವನ್ನು ಹೇಗೆ ಮುಚ್ಚಲಾಗುತ್ತಿದೆ ಎಂದು ವಿಚಾರಿಸುವುದು ನ್ಯಾಯ. ಅಲೆ ಕೊಳವೆಯ ತುದಿಗೆ ಹೋಗಿ ಮರಳಲು ಇಲ್ಲಿ 3 ಸೆಕೆಂಡ್ ಹಿಡಿಯುತ್ತದೆ. ಅದಕ್ಕಿಂತ ಬೇಗ ಮುಚ್ಚಿದರೆ ಪೂರ್ಣ ಹೊಡೆತ ತಪ್ಪುವುದಿಲ್ಲ. ಗೇಟ್‌ವಾಲ್ವಿನಲ್ಲಿ ಹರಿವು ಬಹುಪಾಲು ನಿಲ್ಲುವುದು ಕೊನೆಯ ಕೆಲವು ಸುತ್ತುಗಳಲ್ಲಿ. ಆದ್ದರಿಂದ ಕೊನೆಯ ಸುತ್ತುಗಳನ್ನೇ ಅತಿ ನಿಧಾನವಾಗಿ ತಿರುಗಿಸಬೇಕು.

ವಿದ್ಯುತ್ ಹೋಗಿ ಮೋಟಾರು ಹಠಾತ್ತನೆ ನಿಂತಾಗಲೂ ಇದೇ ಹೊಡೆತ ಉಂಟಾಗುತ್ತದೆ. ಏರು ಕೊಳವೆಯ ನೀರು ಹಿಂದಕ್ಕೆ ಬಂದು ನಾನ್‌ರಿಟರ್ನ್ ವಾಲ್ವಿಗೆ ಬಡಿಯುತ್ತದೆ. ಇನ್ನು, ತಿರುವಿನಲ್ಲಿ ನೀರು ದಿಕ್ಕು ಬದಲಿಸಲು ಕೊಳವೆ ಅದನ್ನು ತಳ್ಳಬೇಕು. ಮೂರನೆಯ ನಿಯಮದಂತೆ ನೀರೂ ಕೊಳವೆಯನ್ನು ಅಷ್ಟೇ ಬಲದಿಂದ ಹೊರಕ್ಕೆ ತಳ್ಳುತ್ತದೆ. ಒತ್ತಡವೂ ಸೇರಿ, 100 ಮಿ.ಮೀ. ಕೊಳವೆಯ 90 ಡಿಗ್ರಿ ತಿರುವಿನಲ್ಲಿ 4 ಕೆ.ಜಿ. ಒತ್ತಡಕ್ಕೆ 4 ಕ್ವಿಂಟಲಿಗೂ ಮೀರಿದ ತಳ್ಳು ಉಂಟಾಗುತ್ತದೆ. ತಿರುವುಗಳಿಗೆ ಕಾಂಕ್ರೀಟು ದಿಮ್ಮಿಯ ಆಸರೆ ಕೊಡುವುದು ಇದಕ್ಕಾಗಿಯೇ. ಅಂದಾಜು ಪಟ್ಟಿಯಲ್ಲಿ ಈ ಬಾಬನ್ನು ಉಳಿತಾಯದ ಹೆಸರಿನಲ್ಲಿ ಕೈಬಿಡಬಾರದು. ಸೀಳಿದ ಕೊಳವೆಯಿಂದ ನೀರು ಪೋಲಾಗುವುದಷ್ಟೇ ನಷ್ಟವಲ್ಲ. ಸರಬರಾಜು ನಿಂತು ಒತ್ತಡ ಇಳಿದಾಗ ಪಕ್ಕದ ಚರಂಡಿಯ ನೀರು ಅದೇ ಬಿರುಕಿನಿಂದ ಒಳಸೇರಿ ಮಾರನೆಯ ದಿನ ಮನೆಮನೆಯ ಕೊಡಕ್ಕೆ ಬರುತ್ತದೆ.

8. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

(ಅ) ವಾರ್ಡಿನ ಶಾಲೆ, ಅಂಗನವಾಡಿಗಳ ಮುಂದಿನ ರಸ್ತೆಯನ್ನು ಹೆಜ್ಜೆಯಿಂದ ಅಳೆದು, ಎಷ್ಟು ಮೀಟರ್ ದೂರದಿಂದ ವಾಹನ ಚಾಲಕನಿಗೆ ಮಕ್ಕಳು ಕಾಣುತ್ತಾರೆಂದು ಗುರುತಿಸಿಕೊಳ್ಳುವುದು.
(ಆ) ಈಗಿರುವ ಉಬ್ಬುಗಳ ಅಗಲ, ಎತ್ತರ, ಬಣ್ಣ ಮತ್ತು ಎಚ್ಚರಿಕೆ ಫಲಕಗಳನ್ನು ಪರಿಶೀಲಿಸಿ, ಕಿರಿದಾದವುಗಳನ್ನು ಸರಿಪಡಿಸಲು ಕ್ರಿಯಾ ಯೋಜನೆಯಲ್ಲಿ ಸೇರಿಸುವುದು.
(ಇ) ನೀರುಗಂಟಿಗಳಿಗೆ ವಾಲ್ವ್ ಮುಚ್ಚುವ ಕ್ರಮವನ್ನು ವಿವರಿಸುವುದು. ಪೈಪು ಒಡೆದ ಸ್ಥಳ ಮತ್ತು ಸಮಯವನ್ನು ವಹಿಯಲ್ಲಿ ದಾಖಲಿಸುವಂತೆ ತಿಳಿಸುವುದು.
(ಈ) ಹೊಸ ಕೊಳವೆ ಮಾರ್ಗದ ಅಂದಾಜು ಪಟ್ಟಿಯಲ್ಲಿ ಪೈಪಿನ ದರ್ಜೆ, ತಿರುವಿನ ಆಸರೆ ಮತ್ತು ಏರ್‌ವಾಲ್ವ್‌ಗಳು ಇವೆಯೇ ಎಂದು ಕೇಳುವುದು.

ಅಭ್ಯಾಸ ಪ್ರಶ್ನೆಗಳು

1. ಗಂಟೆಗೆ 72 ಕಿ.ಮೀ. ವೇಗದಲ್ಲಿ ಬರುತ್ತಿರುವ ವಾಹನದ ಚಾಲಕ 60 ಮೀಟರ್ ಮುಂದೆ ದನವೊಂದನ್ನು ಕಾಣುತ್ತಾನೆ. ರಸ್ತೆ ನೆನೆದು ಹಿಡಿತ ಅರ್ಧವಾಗಿದೆ. ವಾಹನ ನಿಲ್ಲಲು ಎಷ್ಟು ದೂರ ಬೇಕು?
2. 6ನೇ ಭಾಗದ ಟ್ರ್ಯಾಕ್ಟರಿನ ಒಟ್ಟು ದ್ರವ್ಯರಾಶಿಯನ್ನು 6,000 ಕಿ.ಗ್ರಾಂ.ಗೆ ಇಳಿಸಿದರೆ, ಅದೇ ತಡೆಬಲಕ್ಕೆ 36 ಕಿ.ಮೀ. ವೇಗದಲ್ಲಿ ಬ್ರೇಕಿನ ದೂರ ಎಷ್ಟಾಗುತ್ತದೆ?
3. 7ನೇ ಭಾಗದ ಕೊಳವೆ 1,200 ಮೀಟರ್ ಉದ್ದವಿದ್ದರೆ, ಹೆಚ್ಚುವರಿ ಒತ್ತಡ 0.6 ಕೆ.ಜಿ.ಯನ್ನು ಮೀರದಂತೆ ಹರಿವನ್ನು ನಿಲ್ಲಿಸಲು ಎಷ್ಟು ಸೆಕೆಂಡ್ ತೆಗೆದುಕೊಳ್ಳಬೇಕು?

ಉತ್ತರಗಳು: 1) 20 + 80 = 100 ಮೀಟರ್; ವಾಹನ 60 ಮೀಟರಿನೊಳಗೆ ನಿಲ್ಲುವುದಿಲ್ಲ. 2) 30 ಮೀಟರ್. 3) ನೀರಿನ ದ್ರವ್ಯರಾಶಿ ಎರಡು ಪಟ್ಟಾಗಿರುವುದರಿಂದ 20 ಸೆಕೆಂಡ್.

ಸದಸ್ಯರು ಈ ಪ್ರಶ್ನೆಗಳನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ತಮ್ಮ ವಾರ್ಡಿನ ರಸ್ತೆ ಹಾಗೂ ಕೊಳವೆ ಮಾರ್ಗಗಳ ಅಳತೆಗಳಿಗೆ ಅನ್ವಯಿಸಿ ಚರ್ಚಿಸುವುದು.